ಹದಿನೈದು ನಿಮಿಷ ಮುಂದಿನ ಪೇಟೆಯಲ್ಲಿ ಹನ್ನೊಂದು ಕಟ್ಟೆ

ನೇಪಾಳ ಫಾರೆನ್ ಹೌದೋ ಅಲ್ಲವೋ ಎಂಬುದು ನಮ್ಮೂರಿನಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಹೋಗಿ ಬಂದವರು ಹೌದು ಅನ್ನುತ್ತಾರೆ, ಹೋಗದವರು ಅಲ್ಲ ಅನ್ನುತ್ತಾರೆ. ನನ್ನ ಗೆಳೆಯನೊಬ್ಬ, "ಪಾಸ್‌ಪೋರ್ಟ್ ಇಲ್ದ ಒಳಗ ಬಿಡೂ ದೇಶ ಯಾವ ಸೀಮಿ ಫಾರಿನ್ನಲೇ? ನವಲಗುಂದ ಸಂತಿಗೆ ಹೋಗಿ ಬಂದಂಗ ಆತು" ಅಂದ. ನನ್ನ ಹತ್ತಿರ ಇರುವ ಸಾಕ್ಷಿ ಒಂದೇ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದೆ ಇದೆ. ಪೂರ್ತಿ ಫಾರೆನ್ ಅಲ್ಲದಿದ್ದರೂ ಹದಿನೈದು ನಿಮಿಷದಷ್ಟು ಫಾರೆನ್ ಎಂದು ಒಪ್ಪಿಕೊಂಡು ಮುಂದೆ ಓದಬೇಕಾಗಿ ವಿನಂತಿ.

ಊರು: ಒಂದು ಕಟ್ಟೆ, ಎರಡು ಮನೆ

ನಮ್ಮೂರು ಶಲವಡಿಯ ಬಾಜು. ಹೆಸರು ಬರೆದರೆ ಊರಿನವರು ಬಡಿಯುತ್ತಾರೆ. ಅಣ್ಣಿಗೇರಿಯಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಆದರೆ ಜನ ನನ್ನನ್ನು ಕರೆಯುವುದು ರಿಪೇರಿಗಲ್ಲ. ಊರಿನಲ್ಲಿ ಯಾರ ದನಿ ಬೇಕಾದರೂ ನಾನು ತೆಗೆಯುತ್ತೇನೆ. ನಮ್ಮ ಮಾಸ್ತರರ ದನಿಯಲ್ಲಿ ಫೋನ್ ಮಾಡಿ ಅವರ ಮನೆಯವರಿಂದಲೇ ಬೈಸಿಕೊಂಡಿದ್ದೇನೆ. ನನಗೆ ಸ್ವಂತ ದನಿ ಇದೆಯೋ ಇಲ್ಲವೋ ಎಂದು ನನ್ನ ಅವ್ವನಿಗೇ ಅನುಮಾನ.

ಈ ವಿದ್ಯೆಯಿಂದಲೇ ನನಗೆ ಕಾಶಿ-ನೇಪಾಳ ಯಾತ್ರೆಯ ಬಸ್ಸಿನಲ್ಲಿ ಸೀಟು ಸಿಕ್ಕಿತು. ಯಾತ್ರೆಗೆ ಜನ ಕೂಡಿಸಿದವರು ನಮ್ಮ ಓಣಿಯ ಬಸಲಿಂಗಪ್ಪ ಕಾಕಾ. ಬಸ್ಸು ಹೊಡೆಯುವವನು ಅವರ ಮಗ್ಗುಲ ಮನೆಯ ಮಾಬು ಚಾಚಾ, ಯಾಕೆಂದರೆ ಸುತ್ತಮುತ್ತ ನೇಪಾಳದ ಘಾಟು ಹತ್ತಿಸಿ ಇಳಿಸಿದ ಡ್ರೈವರ್ ಅವನೊಬ್ಬನೇ. ಇಬ್ಬರೂ ಒಂದೇ ಶಾಲೆಯಲ್ಲಿ ಒಂದೇ ದಿನ ಹೊಡೆತ ತಿಂದ ಗೆಳೆಯರು. ಈಗ ಐದು ತಿಂಗಳಿಂದ ಇಬ್ಬರಿಗೂ ಮಾತಿಲ್ಲ. ಹನ್ನೆರಡು ದಿನದ ದಾರಿ. ನಡುವೆ ಮಾತು ಒಯ್ಯಲು ಒಬ್ಬ ಬೇಕಿತ್ತು. ಅವನೇ ನಾನು.

ಜಗಳ ಕಟ್ಟೆಯದು. ಇಬ್ಬರ ಮನೆಯ ಮುಂದೂ ಹಾದುಹೋಗುವ ಕಲ್ಲಿನ ಕಟ್ಟೆ ಒಂದೇ. ಇಬ್ಬರ ಅಜ್ಜಂದಿರು ಒಂದೇ ಚಕ್ಕಡಿಯಲ್ಲಿ ಕಲ್ಲು ಹೇರಿಕೊಂಡು ಬಂದು ಕಟ್ಟಿಸಿದ್ದು. ಕಾಕಾರಿಗೆ ಮೊಣಕಾಲು ನೋವು ಶುರುವಾಯಿತು, ಅದರ ಹಿಂದೆಯೇ ಕಾರು ಬಂತು. ಕಾರು ಓಣಿಯೊಳಗೆ ಬರಲಿಲ್ಲ, ಕಟ್ಟೆ ಅಡ್ಡ. ಹಾಗಾಗಿ ಕಾರು ಊರಬಾಗಿಲ ಅಗಸಿಯ ಬೇವಿನ ಗಿಡದ ಕೆಳಗೆ ನಿಂತಿತು, ಅದರ ಮೇಲೆ ಕಾಗೆಗಳು ಕೂತವು. ಕಾರಿನವರೆಗೆ ನಡೆಯಲು ಮೊಣಕಾಲು ಒಪ್ಪದ್ದರಿಂದ ಕಾಕಾ ಕಾರು ಹತ್ತುವುದನ್ನೇ ಬಿಟ್ಟರು.

ಅಷ್ಟರಲ್ಲಿ ಓಣಿ ಅಗಲ ಮಾಡುವ ಮಾತು ಬಂತು. ಎಲ್ಲರೂ ತಮ್ಮ ತಮ್ಮ ಕಟ್ಟೆ ಒಡೆಯಲು ಒಪ್ಪಿ ಕಾಗದದ ಮೇಲೆ ಸಹಿ ಹಾಕಬೇಕು, ಒಬ್ಬರು ತಪ್ಪಿದರೂ ಕೆಲಸ ಇಲ್ಲ. ಮೊದಲ ಸಹಿ ಕಾಕಾರದು. ಉಳಿದವರೂ ಹಾಕಿದರು. ಮಾಬು ಚಾಚಾ ಮಾತ್ರ ಹಾಕಲಿಲ್ಲ.

"ಇಡೀ ಜಿಂದಗಿ ಗಾಡಿ ಹೊಡದೀನಿ. ಮನಿಗೆ ಬಂದ ಮ್ಯಾಲೆ ನನ್ನ ಬಾಗಲದಾಗ ಹಾರ್ನ್ ಕೇಳೂದು ಬ್ಯಾಡ" ಅಂದ.

"ಗೆಳ್ಯಾನ ಮೊಣಕಾಲಿಗಿಂತ ಇವಗ ಕಲ್ಲು ಹೆಚ್ಚಾತು" ಅಂದರು ಕಾಕಾ.

ಅಂದಿನಿಂದ ಮಾತು ನಿಂತಿತು. ಇನ್ನೊಂದೂ ನಿಂತಿತು. ಕಾಕಾ ಓಣಿಯಲ್ಲಿ ಯಾರ ಕಟ್ಟೆಯ ಮೇಲೂ ಕೂರುವುದನ್ನು ಬಿಟ್ಟರು. ಒಡೆಯಿರಿ ಎಂದು ತಾವೇ ಮೊದಲು ಸಹಿ ಮಾಡಿದ ಕಟ್ಟೆಯ ಮೇಲೆ ಯಾವ ಮುಖ ಇಟ್ಟುಕೊಂಡು ಕೂರುವುದು?

ಹೊರಡುವ ಹಿಂದಿನ ದಿನ ಕಾಕಾ ಆ ಕಾಗದವನ್ನು ನನ್ನ ಕೈಗಿಟ್ಟರು. "ಈರ್ಯಾ, ಪಶುಪತಿನಾಥನ ಊರಾಗ ಮನಶಾ ಮೆತ್ತಗ ಆಗತಾನ. ನೀ ಹೆಂಗರ ಮಾಡಿ ಮಾಬ್ಯಾನ ಸಹಿ ತಗೊಂಡ ಬಾ." ಓಣಿಯ ಮೆಂಬರ್ ಸಾಹೇಬರೂ ಬಂದು, ಸಹಿ ಬಿದ್ದ ತಕ್ಷಣ ಫೋಟೋ ಹೊಡೆದು ಕಳಿಸು, ಜೆಸಿಬಿಯವನಿಗೆ ಹೇಳಿಟ್ಟಿದ್ದೇನೆ ಅಂದರು. ನಾನು ಅವರದೇ ದನಿಯಲ್ಲಿ "ಆತ್ರಿ, ಆತ್ರಿ" ಅಂದೆ. ಅವರಿಗೆ ಗೊತ್ತಾಗಲಿಲ್ಲ. ಯಾರಿಗೂ ತಮ್ಮ ದನಿ ಗುರುತು ಇರುವುದಿಲ್ಲ.

ಗಡಿ

ದಾರಿಯ ಉದ್ದಕ್ಕೂ ಹೀಗೆ ನಡೆಯಿತು. ಕಾಕಾ ಮೂರನೇ ಸೀಟಿನಿಂದ, "ಬಸ್ಸು ನಿಲ್ಸಂತ ಹೇಳವಗ, ಜನರಿಗೆ ಇಳಿಯೂದೈತಿ" ಅನ್ನುತ್ತಿದ್ದರು. ನಾನು ಕಾಕಾರ ದನಿಯಲ್ಲಿ, ಕೆಮ್ಮು ಸಮೇತ, ಅದನ್ನು ಮುಂದಕ್ಕೆ ಒಯ್ಯುತ್ತಿದ್ದೆ. ಚಾಚಾ, "ಹೋದ ಊರಾಗ ಯಾಕ ಇಳೀಲಿಲ್ಲಂತ ಕೇಳು" ಅನ್ನುತ್ತಿದ್ದ. ಅದನ್ನು ಚಾಚಾನ ದನಿಯಲ್ಲಿ ಹಿಂದಕ್ಕೆ ಒಯ್ಯುತ್ತಿದ್ದೆ. ಬಸ್ಸಿನಲ್ಲಿ ಟೀವಿ ಕೆಟ್ಟಿತ್ತು, ಯಾರೂ ರಿಪೇರಿ ಕೇಳಲಿಲ್ಲ.

ಗಡಿಯಲ್ಲಿ ಬಸ್ಸಿನ ಕಾಗದ ಮಾಡಿಸಲು ಕಾಕಾ ಮತ್ತು ಚಾಚಾ ಇಬ್ಬರೂ ಒಂದೇ ಬಾಕಿನ ಮೇಲೆ ಕೂರಬೇಕಾಯಿತು. ನಾನು ಹಿಂದೆ ನಿಂತು ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಕೊಡುತ್ತಿದ್ದೆ. ಅಧಿಕಾರಿ ಸ್ವಲ್ಪ ಹೊತ್ತು ನೋಡಿ, ಇಬ್ಬರದೂ ಬೇರೆ ಬೇರೆ ಭಾಷೆಯೇ ಎಂದು ಹಿಂದಿಯಲ್ಲಿ ಕೇಳಿದ. ಭಾಷೆಯೂ ಒಂದೇ ಸಾಹೇಬ, ಕಟ್ಟೆಯೂ ಒಂದೇ, ಅದಕ್ಕೇ ತೊಂದರೆ ಅಂದೆ. ಅವನು ನಮ್ಮ ಕಾಗದಗಳನ್ನು ಇನ್ನೊಮ್ಮೆ ಮೊದಲಿನಿಂದ ನೋಡಿದ.

ಅಲ್ಲೇ ಕಾಕಾ ಕೈಗಡಿಯಾರವನ್ನು ಹದಿನೈದು ನಿಮಿಷ ಮುಂದೆ ತಿರುಗಿಸಿದರು. ಅದು ಅವರ ಮದುವೆಯ ಗಡಿಯಾರ, ಕೀಲಿ ಬಿಗಿ. ತಿರುಗಿಸಲು ನನ್ನ ರಿಪೇರಿಯ ಚಿಮಟ ಬೇಕಾಯಿತು.

ಪಶುಪತಿನಾಥನ ದರ್ಶನ ಚೆನ್ನಾಗಿ ಆಯಿತು. ಅಲ್ಲಿ ಕೋತಿಯೊಂದು ನನ್ನ ಕೈಯ ಪ್ರಸಾದ ಕಸಿದುಕೊಂಡಿತು. ನಾನು ಅದರ ದನಿ ತೆಗೆದೆ. ಇನ್ನೂ ನಾಲ್ಕು ಬಂದವು. ಇಷ್ಟೇ ಹೇಳಬಲ್ಲೆ.

ಕಲ್ಲುಗೂಟಗಳ ಹತ್ತಿರ

ವಾಪಸು ಬರುವಾಗ ಗುಡ್ಡದ ದಾರಿಯಲ್ಲಿ ಬಸ್ಸಿನ ಹಿಂದಿನ ಚಕ್ರದ ಮೇಲಿರುವ ಪಾಟಾ, ಅಂದರೆ ಭಾರ ಹೊರುವ ಉಕ್ಕಿನ ಪಟ್ಟಿ, ಕಟ್ ಅಂತ ಮುರಿಯಿತು. ಹೊಸದು ಬರಲು ಎರಡು ದಿನ. ಹತ್ತಿರದ ಗುಡ್ಡದ ನೆತ್ತಿಯಲ್ಲಿ ಒಂದು ಹಳೆಯ ಪೇಟೆ ಇದೆ, ಅದರ ಕೊನೆಗೊಂದು ಧರ್ಮಶಾಲೆ ಇದೆ ಅಂದರು. ಬಸ್ಸು ಕೆಳಗೇ ಉಳಿಯಿತು. ನಮ್ಮನ್ನು ಜೀಪುಗಳಲ್ಲಿ ತುಂಬಿ ಮೇಲೆ ಒಯ್ದು ಪೇಟೆಯ ಬಾಯಿಗೆ ಇಳಿಸಿದರು.

ಅಲ್ಲಿ ರಸ್ತೆಗೆ ಅಡ್ಡ ಮೂರು ಕಲ್ಲುಗೂಟ. ಅದರಾಚೆ ಒಂದೂ ಗಾಡಿ ಹೋಗುವಂತಿಲ್ಲ. ಸೈಕಲ್ಲನ್ನೂ ಇಳಿದು ತಳ್ಳಬೇಕು. ಗೂಟಗಳ ಆಚೆ ಮೊದಲು ಒಂದು ಏರು, ನಂತರ ಕಲ್ಲುಚಪ್ಪಡಿ ಹಾಸಿದ ಸಪಾಟು ಬೀದಿ. ಎರಡೂ ಕಡೆ ಕೆಂಪು ಇಟ್ಟಿಗೆಯ ಮೂರಂತಸ್ತಿನ ಮನೆಗಳು, ಕೆತ್ತಿದ ಕಟ್ಟಿಗೆಯ ಕಿಟಕಿಗಳು. ನೋಡಲು ದೂರದೂರದಿಂದ ಜನ ಬರುತ್ತಾರಂತೆ. ಕಾಕಾ ನೋಡಿದ್ದು ಏರನ್ನು ಮಾತ್ರ.

"ಜೀಪು ಮುಂದ ಯಾಕ ಹೋಗೂದಿಲ್ಲ?"

"ಹೋಗಾಕ ಬಿಡೂದಿಲ್ಲಂತ್ರಿ ಕಾಕಾ."

"ಇಲ್ಲೂ ಒಬ್ಬ ಮಾಬ್ಯಾ ಅದಾನ ಅಂದಂಗಾತು."

ಬೆನ್ನಿಗೆ ದೊಡ್ಡ ಬಿದಿರು ಬುಟ್ಟಿ ಹೊತ್ತು, ಅದರ ಪಟ್ಟಿಯನ್ನು ಹಣೆಗೆ ಕೊಟ್ಟುಕೊಂಡಿದ್ದ ಒಬ್ಬ ಹಮಾಲ ಬಂದು, ಬೇಕಾದರೆ ಅಜ್ಜನನ್ನು ಬುಟ್ಟಿಯಲ್ಲಿ ಕೂರಿಸಿ ಒಯ್ಯುತ್ತೇನೆ ಅಂದ. ನಾನು ಕಾಕಾರಿಗೆ ತಿಳಿಸಿದೆ.

"ನಾ ಏನ್ ಉಳ್ಳಾಗಡ್ಡಿ ಏನಲೇ?" ಅಂದರು ಕಾಕಾ, ಮತ್ತು ಏರು ಹತ್ತಲು ಶುರು ಮಾಡಿದರು. ನಾಲ್ಕು ಹೆಜ್ಜೆಗೊಮ್ಮೆ ನಿಂತರು. ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡರು. ಕೊನೆಯ ಹತ್ತು ಹೆಜ್ಜೆಗೆ ಮುಖ ಹಿಂಡಿದ ನಿಂಬೆಹಣ್ಣಿನಂತಾಗಿತ್ತು. ನಮ್ಮ ಗಂಟುಗಳನ್ನು ಹೊತ್ತು ಹಿಂದೆ ಬರುತ್ತಿದ್ದ ಮಾಬು ಚಾಚಾ ಅದನ್ನೆಲ್ಲ ನೋಡಿದ. ಗಂಟುಗಳನ್ನು ಹಮಾಲನ ಬುಟ್ಟಿಗೆ ಹಾಕಿ, ಬಸ್ಸಿನ ಹತ್ತಿರ ಮಲಗುತ್ತೇನೆ ಎಂದು ನನಗೆ ಹೇಳಿ, ಗುಡ್ಡ ಇಳಿದು ಹೋದ. ಮುಂದಿನದನ್ನು ಅವನು ನೋಡಲಿಲ್ಲ. ಇದನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಕಟ್ಟೆ ಒಂದರಿಂದ ಹನ್ನೊಂದು

ಏರು ಮುಗಿದ ಕೂಡಲೇ ಮೊದಲನೆಯ ಮನೆ. ಅದರ ಮುಂದೆ ಕಟ್ಟೆ. ನಮ್ಮದರಂತೆಯೇ ಕಲ್ಲಿನದು, ಮೇಲೆ ಮಾತ್ರ ಕಟ್ಟಿಗೆಯ ಕಂಬ ಮತ್ತು ಮಾಡು. ಕಾಕಾ ಹೋದರು, ಚಪ್ಪಲಿ ಬಿಟ್ಟರು, ಧೋತರ ಮೇಲೆತ್ತಿದರು, ಕೂತರು, ಮೊಣಕಾಲು ತಿಕ್ಕಿಕೊಂಡರು. ಯಾರನ್ನೂ ಕೇಳಲಿಲ್ಲ. ನಮ್ಮ ಕಡೆ ಬಾಗಿಲಿಗೆ ಕೇಳಿ ಹೋಗುತ್ತಾರೆ, ಕಟ್ಟೆಗೆ ಯಾರು ಕೇಳುತ್ತಾರೆ? ಆದರೆ ಇದು ಫಾರೆನ್. ನಾನು ಬೈಸಿಕೊಳ್ಳಲು ತಯಾರಾಗಿ ನಿಂತೆ.

ಒಳಗಿಂದ ಬಳೆ, ದಾರ ಮಾರುವ ಹೆಂಗಸೊಬ್ಬಳು ಬಂದಳು. ಕಾಕಾರನ್ನು ನೋಡಿದಳು. ಒಳಗೆ ಹೋದಳು. ಪೊಲೀಸರನ್ನು ಕರೆಯಲು ಹೋದಳು ಅಂದುಕೊಂಡೆ. ಹುಲ್ಲಿನ ಚಾಪೆ ತಂದು, ಕಾಕಾರನ್ನು ಎಬ್ಬಿಸಿ, ಚಾಪೆ ಹಾಸಿ, ಮತ್ತೆ ಕೂರಿಸಿದಳು.

"ಕಹಾಂ ಸೆ, ಬುವಾ?" ಅಂದಳು. ಬುವಾ ಅಂದರೆ ಅಪ್ಪಾ ಎಂದು ಆಮೇಲೆ ತಿಳಿಯಿತು.

"ಹಮ್ ಧಾರವಾಡ ಬಾಜೂಕಾ" ಅಂದರು ಕಾಕಾ. ಕಾಕಾರ ಹಿಂದಿ ಹುಬ್ಬಳ್ಳಿ ದಾಟುವುದಿಲ್ಲ ಅಂದುಕೊಂಡಿದ್ದೆ. ಗುಡ್ಡ ಹತ್ತಿ ಬಂದಿತ್ತು.

ಅವಳು ಚಿಯಾ ತಂದಳು. ಅದು ಚಹಾ, ಹೆಸರು ಮಾತ್ರ ಫಾರೆನ್. ಕಾಕಾ ಗಂಟಿನಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತೆಗೆದು ಅವಳ ಕೈಗೆ ಕೊಟ್ಟರು. ತಿಂದಳು, ಕಣ್ಣಲ್ಲಿ ನೀರು ಬಂತು, "ಪಿರೋ! ಪಿರೋ!" ಅಂದಳು, ಖಾರ ಎಂದು ಅರ್ಥ. ಆಮೇಲೆ ಇನ್ನಷ್ಟು ಕೇಳಿದಳು. ಕಾಕಾ ನನ್ನ ಕಡೆ ನೋಡಿ, "ಛಲೋ ಮನಿತಾನ" ಅಂದರು.

ಎರಡನೆಯ ಕಟ್ಟೆಗೆ ಇಪ್ಪತ್ತು ಹೆಜ್ಜೆ. ನಡೆದರು, ಕೂತರು. ಮೂರನೆಯದರ ಮೇಲೆ ನಾಯಿ ಮಲಗಿತ್ತು, ಅದು ಸರಿದು ಜಾಗ ಕೊಟ್ಟಿತು. ನಾಲ್ಕನೆಯದರಲ್ಲಿ ನಾಲ್ವರು ಮುದುಕರು ಬಣ್ಣಬಣ್ಣದ ಹೂವಿನ ಟೊಪ್ಪಿಗೆ ಹಾಕಿಕೊಂಡು ಕೂತಿದ್ದರು. ಕಾಕಾರ ಬಿಳಿ ಟೊಪ್ಪಿಗೆಯನ್ನು ಒಬ್ಬ ತಿರುಗಿಸಿ ತಿರುಗಿಸಿ ನೋಡಿ, ಬಣ್ಣ ಹೋಗಿದೆ ಎಂದು ಮರುಗಿದ.

ಐದನೆಯದರ ಮುಂದೆ ನನ್ನ ಸರದಿ. ಆ ಬೀದಿಯಲ್ಲಿ ಪ್ರತಿ ಮನೆಯ ಎದುರು, ಚಪ್ಪಡಿಗಳ ನಡುವೆ, ಒಂದು ಪೂಜೆಯ ಕಲ್ಲು ಇದೆ. ಬೆಳಿಗ್ಗೆ ಅದಕ್ಕೆ ಕುಂಕುಮ, ಅಕ್ಕಿಕಾಳು ಹಾಕುತ್ತಾರೆ. ಕಾಕಾ ಪ್ರತಿಯೊಂದಕ್ಕೂ ಕೈ ಮುಗಿದುಕೊಂಡು ಬಂದಿದ್ದರು. ನಾನು ಫೋಟೋ ಹೊಡೆಯುತ್ತ ಹಿಂದಕ್ಕೆ ಸರಿದು ಸೀದಾ ಒಂದರ ಮೇಲೆ ನಿಂತೆ. ಆ ಮನೆಯ ಅಜ್ಜಿ ಹೊರಗೆ ಬಂದು ಬೈದಳು. ಒಂದು ಅಕ್ಷರ ತಿಳಿಯದಿದ್ದರೂ ಪೂರ್ತಿ ತಿಳಿಯಿತು. ಅವಳು ಒಳಗೆ ಹೋದ ಮೇಲೆ ನಾನು ನಾಲ್ಕನೆಯ ಕಟ್ಟೆಯ ಮುದುಕರಿಗೆ ಅವಳ ದನಿ ತೆಗೆದು ತೋರಿಸಿದೆ. ಅವರು ನಗಲಿಲ್ಲ, ನನ್ನ ಹಿಂದೆ ನೋಡುತ್ತಿದ್ದರು. ಅಜ್ಜಿ ತಂಬಿಗೆ ನೀರು ತರಲು ಹೋಗಿದ್ದಳಷ್ಟೇ. ಕಲ್ಲು ತೊಳೆಸಿದಳು. ತೊಳೆದ ಮೇಲೆ ಕೈಸನ್ನೆಯಿಂದ ಇನ್ನೊಮ್ಮೆ ದನಿ ತೆಗೆ ಅಂದಳು. ತೆಗೆದೆ. ಒಂದು ಕಡೆ ರಾಗ ತಪ್ಪಿದೆ ಎಂದು ತಾನೇ ಬೈದು ತಿದ್ದಿದಳು.

ಏಳನೆಯದರಲ್ಲಿ ದೂರದೇಶದ ಬಿಳಿ ಹೆಂಗಸೊಬ್ಬಳು ಪುಸ್ತಕ ಓದುತ್ತ ಕೂತಿದ್ದಳು. ಕಾಕಾ ಅವಳ ಪಕ್ಕ ಕೂತರು. ಅವಳು ಒಂದು ಮಾರು ಸರಿದಳು. ನಮ್ಮೂರಿನಲ್ಲಿ ಅಷ್ಟು ಜಾಗದಲ್ಲಿ ಮೂವರು ಕೂತು ನಾಲ್ಕನೆಯವನನ್ನು ಕರೆಯುತ್ತಾರೆ. ಅವಳ ಪುಸ್ತಕದಲ್ಲಿ ಈ ಪೇಟೆಯ ನಕ್ಷೆ ಇತ್ತು. ಈ ತುದಿಯಿಂದ ಆ ತುದಿಗೆ ಹತ್ತು ನಿಮಿಷದ ನಡಿಗೆ ಎಂದು ಬರೆದಿತ್ತು. ಕಾಕಾ ಆಗಲೇ ಒಂದೂವರೆ ತಾಸು ನಡೆದಿದ್ದರು. ಇದನ್ನು ಹೇಳಿದಾಗ ಕಾಕಾ ಪುಸ್ತಕವನ್ನು ಕರುಣೆಯಿಂದ ನೋಡಿದರು.

"ಪುಸ್ತಕ ಬರದಾಂವ ಎಲ್ಲೂ ಕುಂತಿಲ್ಲ."

ಹನ್ನೊಂದನೆಯ ಕಟ್ಟೆ ಧರ್ಮಶಾಲೆಯದು. ಮುಟ್ಟುವಷ್ಟರಲ್ಲಿ ಸಂಜೆ. ಮುಂದೆ ಬಂದಿದ್ದ ನಮ್ಮವರು, ಕಾಕಾರನ್ನು ಯಾರು ಹೊತ್ತು ತಂದರು ಎಂದು ಕೇಳಿದರು. ಕಾಕಾ ಕೆಳಗೆ ಬಗ್ಗಿ ತಮ್ಮ ಮೊಣಕಾಲನ್ನು ನೋಡಿದರು, ಬೇರೆಯವರದೇನೋ ಎಂಬಂತೆ. ಹೊಳ್ಳಿ ಬೀದಿಯ ಕಡೆ ನೋಡಿದರು.

ಎರಡನೇ ದಿನ, ಬಸ್ಸಿನ ಬುಡಕ್ಕೆ

ಮರುದಿನ ಮಧ್ಯಾಹ್ನ ಮಾಬು ಚಾಚಾನಿಗೆ ಊಟ ಕಟ್ಟಿಕೊಂಡು ಗುಡ್ಡ ಇಳಿದೆ. ಬಸ್ಸಿನ ಕೆಳಗಿಂದ ಎರಡು ಕಾಲು ಮಾತ್ರ ಕಾಣುತ್ತಿದ್ದವು.

"ಮೊಣಕಾಲು ಹೆಂಗೈತಿ ಆ ಮುದುಕಂದು?" ಅಂದವು ಕಾಲುಗಳು.

ನಾನು ಕಾಕಾರ ದನಿಯಲ್ಲಿ ಕೆಮ್ಮಿ ಶುರು ಮಾಡಿದೆ.

"ಅವನ ದನಿ ಬ್ಯಾಡಲೇ. ನಿನ್ನ ದನಿಯೊಳಗ ಹೇಳು."

ನನ್ನ ದನಿಯನ್ನು ಹುಡುಕಿ ತೆಗೆದೆ. "ಅದಾರ" ಅಂದೆ.

"ನಿನ್ನೆ ಆ ಏರಿನ್ಯಾಗ ನೋಡಿದೆ. ಸಾಲ್ಯಾಗ ನನ್ನನ್ನ ತನ್ನ ಹೆಗಲ ಮ್ಯಾಲೆ ಕೂಡ್ರಿಸ್ಕೊಂಡು ಹಳ್ಳ ದಾಟಸ್ತಿದ್ದ ಮನಶಾ ಅಂವಾ. ಈಗ ನಾಕ ಹೆಜ್ಜಿ ಆಗವಲ್ದು." ಸ್ಪ್ಯಾನರು ನೆಲಕ್ಕೆ ಇಟ್ಟ ಸಪ್ಪಳ ಕೇಳಿತು. "ಕಾಗದ ಐತೇನು ನಿನ್ನ ಕಡೆ?"

ಕೊಟ್ಟೆ. ಎಣ್ಣೆ ಮೆತ್ತಿದ ಒಂದು ಕೈ ಬಂದು ತೆಗೆದುಕೊಂಡಿತು, ನಂತರ ಪೆನ್ನಿಗೆ ಇನ್ನೊಮ್ಮೆ ಬಂತು. ಹೊರಗೆ ಬಂದಾಗ ಕಾಗದದ ಕೊನೆಗೆ ಮಾಬು ಚಾಚಾನ ಸಹಿ ಇತ್ತು, ಹೆಬ್ಬೆರಳಿನ ಕರಿ ಗುರುತು ಬೇಡದಿದ್ದರೂ ಇತ್ತು.

"ಊರು ಮುಟ್ಟೂತನ ಅವಗ ಹೇಳಬ್ಯಾಡ" ಅಂದ. "ಈಗ ಗೊತ್ತಾದ್ರ ಬಾಜೂಕ ಬಂದು ಕುಂತು ಮಾತು ಹಚ್ಚತಾನ. ನನಗ ಘಾಟು ಇಳಿಸೂದೈತಿ."

ನಾನು ಗೆದ್ದವನಂತೆ ಗುಡ್ಡ ಹತ್ತಿದೆ. ಮೆಂಬರ್ ಸಾಹೇಬರ ಫೋನ್ ಬಂತು. "ಆತೇನಪಾ ಸಹಿ? ಫೋಟೋ ಹಾಕು." ಮೇಲೆ ಹೋಗಿ ಹಾಕುತ್ತೇನೆ ಅಂದೆ, ಮೊದಲು ಕಾಕಾರ ಮುಖ ನೋಡುವ ಆಸೆ ಇತ್ತು.

ಕಾಕಾ ನಾಲ್ಕನೆಯ ಕಟ್ಟೆಯ ಮೇಲೆ ಮುದುಕರ ನಡುವೆ ಕೂತಿದ್ದರು. ತಲೆಯ ಮೇಲೆ ಹೂವಿನ ಟೊಪ್ಪಿಗೆ. ಅವರ ಬಿಳಿಯದು ಇನ್ನೊಬ್ಬನ ತಲೆಯ ಮೇಲಿತ್ತು. ನನ್ನನ್ನು ಹತ್ತಿರ ಕರೆದು, ಆ ಮುದುಕರಿಗೆ ಕನ್ನಡ ಬರುತ್ತದೇನೋ ಎಂಬಂತೆ ಸಣ್ಣ ದನಿಯಲ್ಲಿ ಹೇಳಿದರು.

"ಈರ್ಯಾ, ಆ ಕಾಗದ ಹರದ ಒಗಿ."

"ಯಾಕ್ರಿ?"

"ಇವತ್ತು ಮುಂಜಾನಿಂದ ಎರಡ ಸಲ ಈ ತುದಿಯಿಂದ ಆ ತುದಿತನ ಹೋಗಿ ಬಂದೀನಿ. ಊರಾಗ ಇನ್ನೂರು ಹೆಜ್ಜಿ ನಡಿಯಾಕ ಆಗ್ತಿರಲಿಲ್ಲ. ಯಾಕಂದ್ರ ಎಲ್ಲೂ ಕುಂದ್ರತಿರಲಿಲ್ಲ." ಹೂವಿನ ಟೊಪ್ಪಿಗೆ ಸರಿಮಾಡಿಕೊಂಡರು. "ಆದ್ರ ಮಾಬ್ಯಾಗ ಹೇಳಬ್ಯಾಡ. ಗೆದ್ದೆ ಅಂತ ಬಸ್ಸು ಜೋರ ಹೊಡೀತಾನ."

ಕಿಸೆಯಲ್ಲಿ ಕಾಗದ. ಅದರ ಮೇಲೆ ಎಲ್ಲರ ಸಹಿ. ಐದು ತಿಂಗಳು ಬೇಕಾಗಿದ್ದಾಗ ಪೂರ್ತಿಯಾಗಲಿಲ್ಲ, ಪೂರ್ತಿಯಾದ ತಾಸಿನಲ್ಲಿ ಯಾರಿಗೂ ಬೇಡ. ಮೆಂಬರ್ ಸಾಹೇಬರಿಗೆ ಒಂದು ಫೋಟೋ ಹೋದರೆ ಸಾಕು, ನಾವು ಗಡಿ ದಾಟುವ ಮೊದಲೇ ಕಟ್ಟೆ ಪುಡಿ. ಹರಿದು ಹಾಕೋಣವೆಂದರೆ ಅದು ಬಸ್ಸಿನ ಬುಡಕ್ಕೆ ಮಲಗಿ ಒಬ್ಬ ಮನುಷ್ಯ ಗೆಳೆಯನ ಮೊಣಕಾಲಿಗಾಗಿ ಮಾಡಿದ ಸಹಿ. ಹರಿಯಲು ನನ್ನ ಕೈ ಏಳಲಿಲ್ಲ. ಫೋನ್ ಮತ್ತೆ ಬಡಿಯಿತು. ನೇಪಾಳದಲ್ಲಿ ನೆಟ್‌ವರ್ಕ್ ಇಲ್ಲ ಎಂದು ಅದೇ ನೆಟ್‌ವರ್ಕಿನಲ್ಲಿ ಹೇಳಿದೆ.

ವಾಪಸು ದಾರಿಯಲ್ಲಿ ನಾನು ಯಾರ ದನಿಯನ್ನೂ ತೆಗೆಯಲಿಲ್ಲ. ಬಸ್ಸಿನವರು ನನಗೆ ನೀರು ಬದಲಾಗಿದೆ ಎಂದು ಓಮಿನಕಾಳು ತಿನ್ನಿಸಿದರು.

ಅಗಸಿ

ಊರು ಮುಟ್ಟಿದಾಗ ಮಧ್ಯಾಹ್ನ. ಬೇವಿನ ಗಿಡದ ಕೆಳಗೆ ಕಾರು ಇತ್ತು, ಕಾಗೆಗಳು ಇದ್ದವು, ಮೆಂಬರ್ ಸಾಹೇಬರು ಕೈ ಚಾಚಿಕೊಂಡು ನಿಂತಿದ್ದರು. ಸ್ವಲ್ಪ ಆಚೆ ಜೆಸಿಬಿ.

ಕಾಕಾ ಇಳಿದರು. ಚಾಚಾ ಇಳಿದ. ನಾನು ಕಾಗದ ತೆಗೆದು ಇಬ್ಬರ ನಡುವೆ ಹಿಡಿದೆ.

"ಕಾಕಾ, ಚಾಚಾ ಸಹಿ ಮಾಡ್ಯಾನ. ಚಾಚಾ, ಕಾಕಾ ಬ್ಯಾಡ ಅಂದಾರ."

ನನ್ನದೇ ದನಿ. ಸ್ವಲ್ಪ ಸಣ್ಣದಿದೆ, ರಿಪೇರಿ ಬೇಕು.

ಕಾಕಾ ಕಾಗದ ತೆಗೆದುಕೊಂಡು ದೂರ ಹಿಡಿದು ನೋಡಿದರು. ಆಮೇಲೆ ಐದು ತಿಂಗಳಲ್ಲಿ ಮೊದಲ ಸಲ ಸೀದಾ ಚಾಚಾನ ಮುಖಕ್ಕೆ ಕೇಳಿದರು.

"ಹಿಂಗ್ಯಾಕ ಸೊಟ್ಟ ಐತಿ?"

"ಬಸ್ಸಿನ ಬುಡಕ ಮಕ್ಕೊಂಡು ಮಾಡೀನಿ. ನಿನ್ನಂಗ ಕುರ್ಚಿ ಮ್ಯಾಲೆ ಕುಂತಲ್ಲ."

"ಮಾಡಂತ ಯಾರು ಹೇಳಿದ್ರು?"

"ಮತ್ತ ಬ್ಯಾಡ ಅನ್ನಾಂವ ನೀ ಯಾರು? ಇಷ್ಟು ದಿನಾ ಒಡೀಬೇಕು ಅಂದಾಂವ ನೀನ! ಈಗ ನಾ ಒಪ್ಪೀನಿ, ಒಡೀಲಿ!"

"ಒಡ್ಯಾಂಗಿಲ್ಲ!"

"ಒಡೀಬೇಕು!"

ಅಗಸಿಯಲ್ಲಿ ಜನ ಕೂಡಿದರು. ಇಬ್ಬರೂ ಇನ್ನೊಬ್ಬರ ಜಗಳವನ್ನು ಅಷ್ಟೇ ಜೋರಾಗಿ ಆಡುತ್ತಿದ್ದರು. ನಾನು ಇಷ್ಟು ವರ್ಷದ ನಕಲಿನಲ್ಲಿ ಅಷ್ಟು ಚೆನ್ನಾಗಿ ಯಾರನ್ನೂ ತೆಗೆದಿಲ್ಲ. ಕಾಕಾ ಕಾಗದವನ್ನು ಮಡಚಿ ಅಂಗಿಯ ಒಳಕಿಸೆಗೆ ಇಟ್ಟುಕೊಂಡರು. ಯಾರೋ ಬೈಕ್ ತಂದು, ಹತ್ತ್ರಿ, ಮನಿಗೆ ಬಿಡ್ತೀನಿ ಅಂದರು. ಬೇಡವೆಂದು ಕಾಕಾ ಓಣಿಯೊಳಗೆ ನಡೆದರು. ಮೊದಲ ಮನೆಯ ಕಟ್ಟೆಯ ಮುಂದೆ ಒಂದು ಗಳಿಗೆ ನಿಂತರು. ಆ ಮನೆಯ ಅವ್ವ ಬಾಗಿಲಿಗೆ ಬಂದು, "ಕುಂದರ್ರಿ ಯಪ್ಪಾ, ಚಾ ಇಡ್ತೀನಿ" ಅಂದಳು. ಕಾಕಾ ಚಪ್ಪಲಿ ಬಿಟ್ಟರು.

ಮೆಂಬರ್ ಸಾಹೇಬರು ಕಾಗದ ಕೇಳುತ್ತ ಕಟ್ಟೆಯಿಂದ ಕಟ್ಟೆಗೆ ಹಿಂದೆ ನಡೆದರು. ಪ್ರತಿ ಕಟ್ಟೆಯಲ್ಲಿ ಅವರಿಗೂ ಚಹಾ ಬಂತು. ಐದನೆಯ ಚಹಾಕ್ಕೆ ಅವಸರದಲ್ಲಿ ಮನೆಗೆ ಹೋದರು, ತಿರುಗಿ ಬರಲಿಲ್ಲ.

ಆ ಕಾಗದವನ್ನು ನಾನು ಕೊನೆಯ ಸಲ ನೋಡಿದ್ದು ಅದೇ ವಾರ, ಇಬ್ಬರ ಮನೆಯ ಮುಂದಿನ ಕಟ್ಟೆಯ ಮೇಲೆ. ಕಾಕಾರ ಹೆಂಡತಿ ಕಾಕು ಮಿರ್ಚಿ ಕರಿದಿದ್ದಳು, ಹಾಕಿಕೊಡಲು ಕೈಗೆ ಸಿಕ್ಕ ಕಾಗದ ಅದು. ಎಣ್ಣೆ ಹತ್ತಿ ಎಲ್ಲರ ಸಹಿಯೂ ಆರುಪಾರು ಕಾಣುತ್ತಿತ್ತು. ಕಾಕಾ ಒಬ್ಬರೇ ಕೂತಿದ್ದರು, ಮಿರ್ಚಿ ಮುಟ್ಟಿರಲಿಲ್ಲ. ಅವರ ಗಡಿಯಾರದ ಮುಳ್ಳನ್ನು ಯಾರೂ ಹೊಳ್ಳಿ ಹಿಂದಕ್ಕೆ ತಿರುಗಿಸಿರಲಿಲ್ಲ, ಅದು ಈಗಲೂ ನೇಪಾಳದಲ್ಲೇ ಇದೆ. ದಿನಾ ಸಂಜೆ ಅದನ್ನು ನೋಡಿ ಅವರು ಹೊರಗೆ ಬರುತ್ತಾರೆ.

ಮಾಬು ಚಾಚಾ ಹೇಳಿದ ಹೊತ್ತಿಗೆ ಸರಿಯಾಗಿ ಬಾಗಿಲು ತೆರೆದು ಬಂದ.

"ಹದಿನೈದ ಮಿನಿಟು ತಡಾ ಮಾಡಿದೆಲ್ಲೋ ಮಾಬ್ಯಾ" ಅಂದರು ಕಾಕಾ, ಸರಿದು ಜಾಗ ಮಾಡಿಕೊಟ್ಟರು.